16 ಕೋರ್ ಎಪಿಕ್ 7313ಪಿ, 16 ಕೋರ್ ಜಿಯಾನ್ ಸಿಲ್ವರ್ 4314: ನಮ್ಮ ಡೇಟಾಬೇಸ್‌ಗೆ ಯಾವುದು?

ಹುಬ್ಬಳ್ಳಿ ಸರ್ವರ್ ರೂಮ್:

ಎಲ್ಲರಿಗೂ ನಮಸ್ಕಾರ. ಹೊಸ ಸರ್ವರ್ ತಗೋಬೇಕು. ಎರಡು ಕೊಟೇಶನ್ ಮೇಜಿನ ಮೇಲಿವೆ. ಹದಿನೈದು ದಿನದಿಂದ ನೋಡುತ್ತಲೇ ಇದ್ದೇನೆ, ತೀರ್ಮಾನ ಆಗುತ್ತಿಲ್ಲ.

ನಮ್ಮದು ಔಷಧಿ ಸಗಟು ವ್ಯಾಪಾರ. ಹುಬ್ಬಳ್ಳಿಯಲ್ಲಿ ಗೋದಾಮು, ಗದಗ, ಹಾವೇರಿ, ಶಿರಸಿಯಲ್ಲಿ ಶಾಖೆ. ಬಿಲ್ಲಿಂಗ್, ಸ್ಟಾಕ್ ಎಲ್ಲಾ ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್ ಮೇಲೆ ಓಡುತ್ತದೆ. ಡೇಟಾಬೇಸ್ ಗಾತ್ರ ಸುಮಾರು 70 ಜಿಬಿ. ಅದರ ಜೊತೆ ಇನ್ನೂ 13 ವಿಎಂ (ಸರ್ವರ್‌ನೊಳಗೆ ಬೇರೆ ಬೇರೆಯಾಗಿ ಓಡುವ ವರ್ಚುವಲ್ ಕಂಪ್ಯೂಟರ್) ಇವೆ, ಅದರಲ್ಲಿ ನಾಲ್ಕು ವಿಂಡೋಸ್. ಎಲ್ಲಾ ಪ್ರಾಕ್ಸ್‌ಮಾಕ್ಸ್‌ನಲ್ಲಿ, ಅಂದರೆ ವಿಎಂಗಳನ್ನು ಓಡಿಸುವ ಸಾಫ್ಟ್‌ವೇರ್‌ನಲ್ಲಿ.

ಈಗಿರುವ ಸರ್ವರ್ 2018ರದ್ದು. ಎರಡು ಜಿಯಾನ್ ಸಿಲ್ವರ್ 4114 ಪ್ರೊಸೆಸರ್, ಒಂದೊಂದಕ್ಕೆ 10 ಕೋರ್ (ಲೆಕ್ಕ ಮಾಡುವ ಘಟಕ). 16 ಜಿಬಿಯ 12 ರ‍್ಯಾಮ್ ಕಡ್ಡಿ. ಹಗಲು ಹೇಗೋ ನಡೆಯುತ್ತದೆ. ತಿಂಗಳ ಕೊನೆಯಲ್ಲಿ ಎಕ್ಸ್‌ಪೈರಿ ರಿಪೋರ್ಟ್ ಹಾಕಿದರೆ ಮಾತ್ರ ಕಷ್ಟ. ಯಾವ ಬ್ಯಾಚ್ ಯಾವ ಅಂಗಡಿಗೆ ಹೋಗಿದೆ, ಯಾವುದು ವಾಪಸ್ ಬರಬೇಕು ಅನ್ನೋ ಪಟ್ಟಿ ಅದು. ರಾತ್ರಿ 8ಕ್ಕೆ ಶುರು ಮಾಡಿದರೆ ಬೆಳಗ್ಗೆ ಅಂಗಡಿ ತೆಗೆಯುವ ಹೊತ್ತಿಗೂ ಓಡುತ್ತಿರುತ್ತದೆ. ಆಗ ಬಿಲ್ಲಿಂಗ್ ತೆವಳುತ್ತದೆ, ಕೌಂಟರ್‌ನಲ್ಲಿ ಜನ ಕಾಯುತ್ತಾರೆ.

ಕೊಟೇಶನ್ ಒಂದು: ಎಎಂಡಿ ಎಪಿಕ್ 7313ಪಿ. 16 ಕೋರ್, 32 ಥ್ರೆಡ್, 3.0 ಗಿಗಾಹರ್ಟ್ಸ್, ಬೂಸ್ಟ್ (ಗರಿಷ್ಠ ವೇಗ) 3.7, ಎಲ್3 ಕ್ಯಾಶ್ (ಚಿಪ್‌ನೊಳಗಿನ ವೇಗದ ಮೆಮೊರಿ) 128 ಎಂಬಿ, 155 ವ್ಯಾಟ್.

ಕೊಟೇಶನ್ ಎರಡು: ಇಂಟೆಲ್ ಜಿಯಾನ್ ಸಿಲ್ವರ್ 4314. ಇದೂ 16 ಕೋರ್, 32 ಥ್ರೆಡ್. 2.4 ಗಿಗಾಹರ್ಟ್ಸ್, ಟರ್ಬೊ 3.4, ಎಲ್3 24 ಎಂಬಿ, 135 ವ್ಯಾಟ್.

ಒಂದೇ ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇರುವ ಮೆಷಿನ್ ಎರಡೂ. "ಈಗ 20 ಕೋರ್ ಇದೆ, ದುಡ್ಡು ಕೊಟ್ಟು 16ಕ್ಕೆ ಇಳಿಯೋದು ಯಾಕೆ" ಅಂತ ನಮ್ಮ ಯಜಮಾನರು ಕೇಳುತ್ತಿದ್ದಾರೆ. ಅವರಿಗೆ ಏನು ಹೇಳಲಿ?

ಚಿಪ್ ಪ್ರೇಮಿ:

ಯಜಮಾನರ ಪ್ರಶ್ನೆ ಸರಿಯಾಗಿಯೇ ಇದೆ ಸರ್, ಉತ್ತರವೂ ಸುಲಭ. ಕೋರ್ ಅಂದರೆ ಎಲ್ಲಾ ಒಂದೇ ಅಲ್ಲ. ನಿಮ್ಮ 4114 ಬಂದಿದ್ದು 2017ರ ಜುಲೈನಲ್ಲಿ. ಮೂಲ ವೇಗ 2.2, ಟರ್ಬೊ 3.0. ಈ ಎರಡೂ 2021ರ ಚಿಪ್‌ಗಳು. 7313ಪಿ ಸೇರಿದ ಎಪಿಕ್ 7003 ಸಾಲು ಮಾರ್ಚ್ 15ಕ್ಕೆ ಬಂತು, 4314 ಸೇರಿದ ಇಂಟೆಲ್‌ನ ಐಸ್ ಲೇಕ್ ಏಪ್ರಿಲ್ 6ಕ್ಕೆ. ಒಂದೇ ಗಿಗಾಹರ್ಟ್ಸ್‌ನಲ್ಲಿ ಮಾಡುವ ಕೆಲಸವೇ ಹಿಂದಿನ ತಲೆಮಾರಿಗಿಂತ ಜಾಸ್ತಿ. ಜೆನ್ 3ಕ್ಕೆ (ಎಪಿಕ್ 7003ರ ಕೋರ್ ವಿನ್ಯಾಸ) 19 ಶೇಕಡ ಅಂತ ಎಎಂಡಿ ಹೇಳಿಕೊಂಡಿತ್ತು, ಐಸ್ ಲೇಕ್‌ಗೆ ಸುಮಾರು 20 ಅಂತ ಇಂಟೆಲ್. ಅದರ ಮೇಲೆ ಗಡಿಯಾರದ ವೇಗವೂ ಜಾಸ್ತಿ.

ಇನ್ನೊಂದು, ಈಗ ನಿಮ್ಮ 20 ಕೋರ್ ಎರಡು ಮನೆಗಳಲ್ಲಿ ಹಂಚಿಕೊಂಡಿವೆ. ಒಂದು ಸಾಕೆಟ್‌ನ ಕೋರ್‌ಗೆ ಇನ್ನೊಂದು ಸಾಕೆಟ್‌ನ ಮೆಮೊರಿ ಬೇಕಾದರೆ ನಡುವಿನ ಕೊಂಡಿ ದಾಟಿ ಹೋಗಬೇಕು. ಒಂದೇ ಸಾಕೆಟ್‌ಗೆ ಬಂದರೆ ಆ ಓಡಾಟ ಇರುವುದಿಲ್ಲ.

ನನ್ನ ಓಟು ಎಪಿಕ್‌ಗೆ. ಬಿಡುಗಡೆಯಾದಾಗಿನ ಪಟ್ಟಿ ಬೆಲೆ ಎಪಿಕ್‌ಗೆ 913 ಡಾಲರ್, ಜಿಯಾನ್‌ಗೆ 694. ಅಷ್ಟು ವ್ಯತ್ಯಾಸಕ್ಕೆ ಐದು ಪಟ್ಟು ಎಲ್3 ಕ್ಯಾಶ್ ಸಿಗುತ್ತದೆ ಅಂದರೆ ಯೋಚನೆ ಮಾಡೋದೇನಿದೆ?

ಡೇಟಾಬೇಸ್ ಮೇಡಂ:

ಯೋಚನೆ ಮಾಡಬೇಕಾದ್ದು ಅಲ್ಲೇ ಇದೆ. 128 ಎಂಬಿ ಅನ್ನೋದು ಒಂದೇ ದೊಡ್ಡ ಕಣಜ ಅಲ್ಲ. 7313ಪಿ ಒಳಗೆ ನಾಲ್ಕು ಚಿಕ್ಕ ಚಿಪ್‌ಗಳಿವೆ. ಒಂದೊಂದರಲ್ಲಿ ನಾಲ್ಕು ಕೋರ್, 32 ಎಂಬಿ ಎಲ್3. ಒಂದು ಕೋರ್ ತನ್ನ ಚಿಪ್‌ನ 32 ಎಂಬಿಯನ್ನು ಮಾತ್ರ ತನ್ನದಾಗಿ ತುಂಬಿಸಿಕೊಳ್ಳುತ್ತದೆ. ಪಕ್ಕದ ಮನೆಯ ಕಣಜ ಅದಕ್ಕೆ ಸಿಗುವುದಿಲ್ಲ.

ಇಂಟೆಲ್‌ದು ಒಂದೇ ತುಂಡು ಸಿಲಿಕಾನ್. 24 ಎಂಬಿಯನ್ನು 16 ಕೋರ್‌ಗಳೂ ಹಂಚಿಕೊಳ್ಳುತ್ತವೆ. ಆದರೆ ಎಲ್2, ಅಂದರೆ ಕೋರ್‌ಗೆ ಇನ್ನೂ ಹತ್ತಿರದ ಕ್ಯಾಶ್ ನೋಡಿ. ಐಸ್ ಲೇಕ್‌ನಲ್ಲಿ ಕೋರ್‌ಗೆ 1.25 ಎಂಬಿ, ಜೆನ್ 3ರಲ್ಲಿ 512 ಕೆಬಿ. ಹಾಗಾಗಿ ಎಲ್3 ಒಂದನ್ನೇ ಹಿಡಿದು ಐದು ಪಟ್ಟು ಅನ್ನುವುದು ಪೂರ್ತಿ ಸರಿ ಆಗುವುದಿಲ್ಲ. ಅಷ್ಟಾದರೂ ಡೇಟಾಬೇಸ್‌ಗೆ ಎಪಿಕ್‌ನ ಕ್ಯಾಶ್ ಒಳ್ಳೆಯದೇ. ಇಂಡೆಕ್ಸ್‌ನ ಮೇಲಿನ ಹಂತಗಳು ಅದರಲ್ಲೇ ಕೂತಿರುತ್ತವೆ.

ಹುಬ್ಬಳ್ಳಿಯವರೇ, ಖರೀದಿಗೆ ಮುಂಚೆ ಒಂದು ಮಾತು. ಆ ರಿಪೋರ್ಟ್ ಓಡುವಾಗ ಅದು ಯಾವುದಕ್ಕೆ ಕಾಯುತ್ತಿದೆ ಅಂತ ನೋಡಿದ್ದೀರಾ? ಡಿಸ್ಕ್‌ಗಾ, ಸಿಪಿಯುಗಾ, ಲಾಕ್‌ಗಾ? ಎಷ್ಟು ಕೋರ್ ಕೆಲಸ ಮಾಡುತ್ತಿವೆ? ನಿಮ್ಮ ಸೆಟ್ಟಿಂಗ್‌ಗಳೇನು? ಪೋಸ್ಟ್‌ಗ್ರೆಸ್ ಹಾಕಿದಾಗ ಬರುವ ಶೇರ್ಡ್ ಬಫರ್ಸ್ (ಡೇಟಾ ಇಟ್ಟುಕೊಳ್ಳುವ ಹಂಚಿಕೆಯ ಮೆಮೊರಿ) 128 ಎಂಬಿ, ವರ್ಕ್ ಮೆಮ್ (ಒಂದೊಂದು ವಿಂಗಡಣೆಗೆ ಸಿಗುವ ಮೆಮೊರಿ) 4 ಎಂಬಿ. ಒಂದು ಕ್ವೆರಿಗೆ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಸಹಾಯಕ್ಕೆ ಬರುವ ವರ್ಕರ್‌ಗಳು ಎರಡೇ. ಅದನ್ನು ಹಾಗೇ ಬಿಟ್ಟಿದ್ದರೆ 16 ಅಲ್ಲ, 64 ಕೋರ್ ತಂದರೂ ಅವು ಸುಮ್ನೆ ಕೂತಿರುತ್ತವೆ.

ಹುಬ್ಬಳ್ಳಿ ಸರ್ವರ್ ರೂಮ್:

ಮೇಡಂ, ನೋಡಿದೆ. ಬಫರ್ ಹಿಂದೆ ಯಾರೋ ಜಾಸ್ತಿ ಮಾಡಿದ್ದರು. ಉಳಿದ ಎರಡೂ ನೀವು ಹೇಳಿದ ಹಾಗೇ ಇದ್ದವು, ವರ್ಕ್ ಮೆಮ್ 4 ಎಂಬಿ, ವರ್ಕರ್ ಎರಡು. ರಿಪೋರ್ಟ್ ಓಡುವಾಗ ಮೂರು ಕೋರ್ ಮಾತ್ರ ನೂರಕ್ಕೆ ನೂರು. ವಿಂಗಡಣೆ ಎಲ್ಲಾ ಡಿಸ್ಕ್‌ನ ತಾತ್ಕಾಲಿಕ ಫೈಲ್‌ಗಳಲ್ಲಿ ನಡೆಯುತ್ತಿತ್ತು.

ರಿಪೋರ್ಟ್‌ನ ಸೆಶನ್‌ಗೆ ಮಾತ್ರ ವರ್ಕ್ ಮೆಮ್ 256 ಎಂಬಿ ಮಾಡಿದೆ. ವರ್ಕರ್ 8 ಮಾಡಿದೆ. ಈ ಸಲ ಬೆಳಗಿನ ಜಾವ ಮುಗಿಯಿತು. ಕೌಂಟರ್‌ನಲ್ಲಿ ಯಾರೂ ಕಾಯಲಿಲ್ಲ. ನಿಜವಾಗಿಯೂ ಥ್ಯಾಂಕ್ಸ್. ಆರು ವರ್ಷ ಮೇಲಾಯಿತು, ಒಬ್ಬರೂ ಇದನ್ನು ಹೇಳಿರಲಿಲ್ಲ.

ಆದರೂ ಹೊಸ ಮೆಷಿನ್ ಬೇಕೇ ಬೇಕು. ಹಳೆಯದಕ್ಕೆ ವಾರಂಟಿ ಇಲ್ಲ. ಅದನ್ನು ಸ್ಟ್ಯಾಂಡ್‌ಬೈ ಮಾಡೋಣ ಅಂತ ಇದ್ದೇನೆ. ಬೆಳಗಿನ ಜಾವ ಅನ್ನೋದು ರಾತ್ರಿ ಊಟದ ಹೊತ್ತಿಗೆ ಬಂದರೆ ಇನ್ನೂ ಒಳ್ಳೆಯದು. ಬ್ಯಾಕಪ್‌ಗೆ ಸಮಯ ಉಳಿಯುತ್ತದೆ.

ಡೇಟಾಬೇಸ್ ಮೇಡಂ:

ಸಂತೋಷ. ಸೆಶನ್‌ಗೆ ಮಾತ್ರ ಮಾಡಿದ್ದು ಸರಿ. ಅದನ್ನೇ ಇಡೀ ಸರ್ವರ್‌ಗೆ ಇಟ್ಟಿದ್ದರೆ ನೂರು ಕನೆಕ್ಷನ್ ಒಟ್ಟಿಗೆ ಬಂದಾಗ ರ‍್ಯಾಮ್ ಖಾಲಿ ಆಗಬಹುದಿತ್ತು. ಈಗ ನಿಮ್ಮ ಕೆಲಸದ ಗುಣ ಬದಲಾಗಿದೆ ನೋಡಿ. ಮುಂಚೆ ಮೂರು ಕೋರ್‌ನ ವೇಗ ಮುಖ್ಯ ಆಗಿತ್ತು. ಈಗ ಮುಖ್ಯ ಪ್ರಾಸೆಸ್, ಎಂಟು ವರ್ಕರ್ ಸೇರಿ ಒಂಬತ್ತು ಪ್ರಾಸೆಸ್ ಒಟ್ಟಿಗೆ 70 ಜಿಬಿ ಡೇಟಾವನ್ನು ಗುಡಿಸುತ್ತವೆ. ಇಂಥ ಕೆಲಸಕ್ಕೆ ಯಾವ ಕ್ಯಾಶೂ ಸಾಲುವುದಿಲ್ಲ. ಮೆಮೊರಿ ಎಷ್ಟು ಬೇಗ ಡೇಟಾ ಕೊಡುತ್ತದೆ ಅನ್ನೋದೇ ಲೆಕ್ಕ. ಎರಡು ಪ್ರೊಸೆಸರ್‌ಗಳಲ್ಲೂ ಎಂಟು ಮೆಮೊರಿ ಚಾನೆಲ್ (ಮೆಮೊರಿಯಿಂದ ಡೇಟಾ ಬರುವ ದಾರಿ) ಇವೆ. ಎಪಿಕ್ ಡಿಡಿಆರ್4 ಮೆಮೊರಿಯನ್ನು 3200 ವೇಗದವರೆಗೆ ಓಡಿಸುತ್ತದೆ. ಸಿಲ್ವರ್ 4314 2667ಕ್ಕೆ ನಿಲ್ಲುತ್ತದೆ.

ಹಳೇ ರ‍್ಯಾಕ್:

ನಾನು ಬೆಂಗಳೂರಿನಲ್ಲಿ ಇಪ್ಪತ್ತು ವರ್ಷದಿಂದ ರ‍್ಯಾಕ್‌ಗಳ ನಡುವೆಯೇ ಇದ್ದೇನೆ. ವೇಗದ ಮಾತು ನೀವೆಲ್ಲ ಆಡಿದ್ದೀರಿ. ಕೊಂಡ ಮೇಲೆ ಕಾಡುವ ವಿಷಯಗಳನ್ನು ನಾನು ಹೇಳುತ್ತೇನೆ.

ಮೊದಲು ಲೈವ್ ಮೈಗ್ರೇಶನ್. ನೀವು ಹಳೆಯ ಇಂಟೆಲ್ ಮೆಷಿನ್ ಸ್ಟ್ಯಾಂಡ್‌ಬೈ ಇಡುತ್ತೇನೆ ಅಂದಿರಿ. ಓಡುತ್ತಿರುವ ವಿಎಂ ಅನ್ನು ನಿಲ್ಲಿಸದೆ ಇಂಟೆಲ್‌ನಿಂದ ಎಎಂಡಿಗೆ ಸಾಗಿಸುವುದನ್ನು ನಂಬಿಕೊಂಡು ಕೂರಬೇಡಿ. ಮೂಲ ಸೂಚನೆಗಳು ಒಂದೇ ಆದರೂ ಎರಡರ ಹೆಚ್ಚುವರಿ ಸೂಚನೆಗಳು ಬೇರೆ ಬೇರೆ. ವಿಎಂ ಶುರುವಾದಾಗ ನೋಡಿದ ಸಿಪಿಯು ನಡುವೆ ಬದಲಾದರೆ ಒಳಗಿನ ಆಪರೇಟಿಂಗ್ ಸಿಸ್ಟಂ ಬಿದ್ದು ಹೋಗಬಹುದು. ಒಮ್ಮೆ ನಿಲ್ಲಿಸಿ ಆಮೇಲೆ ಶುರು ಮಾಡಿದರೆ ತೊಂದರೆ ಇಲ್ಲ. ನಿಮಗೆ ಹಾಗೆ ನಿಲ್ಲಿಸಲು ಸಮಯ ಇದೆಯಾ ಅನ್ನೋದು ಪ್ರಶ್ನೆ. ಇಂಟೆಲ್‌ನಿಂದ ಇಂಟೆಲ್‌ಗೆ ಆದರೆ ಸರಿಯಾದ ಸೆಟ್ಟಿಂಗ್ ಇಟ್ಟು ಸಾಗಿಸಬಹುದು.

ಎರಡನೆಯದು ಲೈಸೆನ್ಸ್. ವಿಂಡೋಸ್ ಸರ್ವರ್ ಲೆಕ್ಕ ಕೋರ್ ಮೇಲೆ. ಒಂದು ಸರ್ವರ್‌ಗೆ ಕನಿಷ್ಠ 16 ಕೋರ್‌ಗೆ ಕಟ್ಟಲೇಬೇಕು. ಹಾಗಾಗಿ 16 ಕೋರ್ ಅನ್ನೋದು ಒಳ್ಳೆಯ ಜಾಗ, ಕಟ್ಟಿದ ದುಡ್ಡೆಲ್ಲ ಬಳಕೆಗೆ ಬರುತ್ತದೆ. ಯಾರಾದರೂ "24 ಕೋರ್‌ನ 7443ಪಿ ತಗೊಳ್ಳಿ" ಅಂದರೆ ಇನ್ನೂ 8 ಕೋರ್‌ಗೆ ಕಟ್ಟಬೇಕಾಗುತ್ತದೆ ಅನ್ನೋದು ನೆನಪಿರಲಿ. ಸ್ಟ್ಯಾಂಡರ್ಡ್ ಲೈಸೆನ್ಸ್ ಒಂದು ಸಲ ಕಟ್ಟಿದರೆ ಎರಡು ವಿಎಂಗೆ ಹಕ್ಕು. ನಿಮಗೆ ನಾಲ್ಕು ವಿಂಡೋಸ್ ಇವೆ, ಅಂದರೆ ಎರಡು ಸಲ. ಪ್ರಾಕ್ಸ್‌ಮಾಕ್ಸ್ ಚಂದಾ ಮಾತ್ರ ಸಾಕೆಟ್ ಲೆಕ್ಕ. ಒಂದೇ ಸಾಕೆಟ್‌ಗೆ ಬಂದರೆ ಅದರಲ್ಲಿ ಉಳಿತಾಯ.

ಮೂರನೆಯದು ಪಿಸಿಐಇ ಲೇನ್, ಅಂದರೆ ಡ್ರೈವ್, ಕಾರ್ಡ್‌ಗಳನ್ನು ಪ್ರೊಸೆಸರ್‌ಗೆ ಸೇರಿಸುವ ದಾರಿ. ಎರಡೂ ನಾಲ್ಕನೇ ತಲೆಮಾರಿನವು. ಎಪಿಕ್‌ನಲ್ಲಿ 128, ಜಿಯಾನ್‌ನಲ್ಲಿ 64. ಒಂದು ಎನ್‌ವಿಎಂಇ ಡ್ರೈವ್‌ಗೆ (ವೇಗದ ಎಸ್‌ಎಸ್‌ಡಿ) 4 ಲೇನ್. 24 ಡ್ರೈವ್ ನೇರವಾಗಿ ಸಿಕ್ಕಿಸುವವರಿಗೆ 96 ಲೇನ್ ಬೇಕು, ಅವರಿಗೆ ಎಪಿಕ್ ವರ. ನಿಮ್ಮ ಕೊಟೇಶನ್‌ನಲ್ಲಿ ಎಷ್ಟು ಡ್ರೈವ್ ಇವೆ?

ಇನ್ನೊಂದು, ಇದು ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ. ಎಪಿಕ್‌ನಲ್ಲಿ ಪ್ಲಾಟ್‌ಫಾರ್ಮ್ ಸೆಕ್ಯೂರ್ ಬೂಟ್ ಅಂತ ಒಂದು ವ್ಯವಸ್ಥೆ ಇದೆ. ಕೆಲವು ತಯಾರಕರು ಅದನ್ನು ಆನ್ ಮಾಡಿದರೆ ಆ ಪ್ರೊಸೆಸರ್ ಅವರ ಬೋರ್ಡ್‌ಗಳಿಗೇ ಅಂಟಿಕೊಳ್ಳುತ್ತದೆ. ಚಿಪ್‌ನೊಳಗಿನ ಫ್ಯೂಸ್ ಸುಟ್ಟ ಮೇಲೆ ವಾಪಸ್ ಮಾಡಲು ಆಗಲ್ಲ. ಬಿಡಿ ಪ್ರೊಸೆಸರ್ ಕಡಿಮೆಗೆ ಸಿಕ್ಕಿತು ಅಂತ ಓಡಬೇಡಿ, ಮೊದಲು ಯಾವ ಬೋರ್ಡ್‌ನಿಂದ ಬಿಚ್ಚಿದ್ದು ಅಂತ ಕೇಳಿ.

ಹುಬ್ಬಳ್ಳಿ ಸರ್ವರ್ ರೂಮ್:

ಆರು ಡ್ರೈವ್ ಸರ್.

ಹಳೇ ರ‍್ಯಾಕ್:

24 ಲೇನ್ ಆಯಿತು. ನೆಟ್‌ವರ್ಕ್ ಕಾರ್ಡ್‌ಗೆ ಇನ್ನು 8 ಅಥವಾ 16. ನಿಮಗೆ 64 ಧಾರಾಳ. ಲೇನ್ ವಿಷಯ ಬಿಟ್ಟುಬಿಡಿ.

ಮೈಸೂರು ಕ್ಲಸ್ಟರ್:

ಇಲ್ಲಿ ಜಿಯಾನ್ ಪರ ಯಾರೂ ಮಾತಾಡುತ್ತಿಲ್ಲ, ನಾನು ಮಾತಾಡುತ್ತೇನೆ. ನಾನು ನೋಡಿಕೊಳ್ಳುವ ಮೆಷಿನ್‌ಗಳಲ್ಲಿ ಎಲೆಗಳ ಫೋಟೋ ನೋಡಿ ರೋಗ ಗುರುತಿಸುವ ಮಾಡೆಲ್ ಓಡುತ್ತದೆ. ಜಿಪಿಯು ಇಲ್ಲ, ಸಿಪಿಯು ಮೇಲೆಯೇ. ಐಸ್ ಲೇಕ್‌ನಲ್ಲಿ ಎವಿಎಕ್ಸ್ 512 ಇದೆ, ಒಂದೇ ಸಲಕ್ಕೆ ಹಲವು ಅಂಕಿಗಳ ಲೆಕ್ಕ ಮಾಡುವ ಸೂಚನೆಗಳು ಅವು. ಅದರ ಜೊತೆ 8 ಬಿಟ್ ಲೆಕ್ಕಕ್ಕೆಂದೇ ವಿಎನ್‌ಎನ್‌ಐ ಸೂಚನೆಗಳೂ ಇವೆ. ಜೆನ್ 3ರಲ್ಲಿ ಎವಿಎಕ್ಸ್ 2 ಮಾತ್ರ. ಎಎಂಡಿಯ ಸರ್ವರ್ ಚಿಪ್‌ಗಳಿಗೆ ಎವಿಎಕ್ಸ್ 512 ಬಂದಿದ್ದು 2022ರ ನವೆಂಬರ್‌ನಲ್ಲಿ, ಜೆನ್ 4ರ ಜೆನೋವಾ ಜೊತೆ. ನಮ್ಮ ಕೆಲಸಕ್ಕೆ ಕ್ಯಾಶ್ ಕಡಿಮೆ ಇರುವ ಜಿಯಾನೇ ಚೆನ್ನಾಗಿ ಕೂತಿತು. ವಿಶೇಷ ಸೂಚನೆ ಬಳಸುವ ಕೆಲಸ ಇದ್ದರೆ ಗಿಗಾಹರ್ಟ್ಸ್ ನೋಡಿ ತೀರ್ಮಾನ ಮಾಡಬಾರದು.

ದೊಡ್ಡ ಕಡೆಯೂ ಹೀಗೆಯೇ, ಅಗತ್ಯ ನೋಡಿ ಆರಿಸುತ್ತಾರೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ 2022ರಲ್ಲಿ ಶುರುವಾದ ಪರಮ್ ಪ್ರವೇಗ 3.3 ಪೆಟಾಫ್ಲಾಪ್ಸ್‌ನ ಸೂಪರ್‌ಕಂಪ್ಯೂಟರ್. ಅದರ ಸಿಪಿಯು ನೋಡ್‌ಗಳಲ್ಲಿ ಇಂಟೆಲ್‌ನ ಕ್ಯಾಸ್ಕೇಡ್ ಲೇಕ್ ಜಿಯಾನ್. ಪುಣೆಯ ಸಿ-ಡ್ಯಾಕ್‌ನ ಪರಮ್ ಸಿದ್ಧಿ ಎಐ ಎನ್‌ವಿಡಿಯಾದ ಡಿಜಿಎಕ್ಸ್ ಎ100 ಡಬ್ಬಗಳಿಂದ ಕಟ್ಟಿದ್ದು. ಒಂದೊಂದು ಡಬ್ಬದಲ್ಲಿ ಎರಡು ಎಪಿಕ್ 7742. ಎಂಟು ಜಿಪಿಯುಗಳಿಗೆ ಪಿಸಿಐಇ 4 ಬೇಕಿತ್ತು. ಆಗಿನ ಜಿಯಾನ್‌ನಲ್ಲಿ ಪಿಸಿಐಇ 3 ಮಾತ್ರ ಇತ್ತು.

ಚಿಪ್ ಪ್ರೇಮಿ:

ಒಪ್ಪಿದೆ. ಹುಬ್ಬಳ್ಳಿಯವರ ಕೆಲಸದಲ್ಲಿ ಎವಿಎಕ್ಸ್ 512ಗೆ ಜಾಗ ಇಲ್ಲ ಅಂತ ಅಂದುಕೊಂಡೆ, ಆದರೆ ನಿಮ್ಮ ಮಾತು ಬೇರೆಯವರಿಗೆ ಬೇಕು.

ಹುಬ್ಬಳ್ಳಿ ಸರ್ವರ್ ರೂಮ್:

ಸುದ್ದಿ ಇದೆ. ಇಬ್ಬರೂ ಡೀಲರ್‌ಗಳು ಡೆಮೊ ಮೆಷಿನ್ ಒಂದು ವಾರಕ್ಕೆ ಕೊಟ್ಟರು. ನಮ್ಮದೇ ಡೇಟಾಬೇಸ್‌ನ ನಕಲು ಹಾಕಿ ನಮ್ಮದೇ ರಿಪೋರ್ಟ್ ಓಡಿಸಿದೆ. ಎರಡರಲ್ಲೂ 128 ಜಿಬಿ ರ‍್ಯಾಮ್, ಅದೇ ಎನ್‌ವಿಎಂಇ, ಅದೇ ಸೆಟ್ಟಿಂಗ್.

ಎಪಿಕ್ ತುಂಬಾ ಮುಂದೆ ಹೋಯಿತು. ಜಿಯಾನ್ ನಮ್ಮ ಹಳೆಯ ಸರ್ವರ್‌ಗಿಂತಲೂ ಹೇಳಿಕೊಳ್ಳುವಷ್ಟು ಬೇಗ ಮುಗಿಸಲಿಲ್ಲ. ನಿಮಿಷದ ಲೆಕ್ಕ ಇಲ್ಲಿ ಹಾಕುವುದಿಲ್ಲ. ನಮ್ಮ ಡೇಟಾ, ನಮ್ಮ ಕ್ವೆರಿ. ಅದನ್ನು ನೋಡಿ ಇನ್ನೊಬ್ಬರು ಖರೀದಿ ಮಾಡುವುದು ಬೇಡ. ಆದರೆ ನನಗೆ ಉತ್ತರ ಸಿಕ್ಕಿತು ಅನ್ನಿಸುತ್ತಿದೆ. ಎಪಿಕ್‌ಗೆ ಪಿಒ (ಖರೀದಿ ಆದೇಶ) ಹಾಕಲಾ?

ಕರಾವಳಿ ಲಿನಕ್ಸ್:

ಸ್ವಲ್ಪ ತಡೆಯಿರಿ ಮಾರಾಯ್ರೆ. ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಐಸ್ ಲೇಕ್ 2017ರ ಸ್ಕೈಲೇಕ್‌ಗೆ (ನಿಮ್ಮ 4114ರ ತಲೆಮಾರು) ಸಮ ಬಂತು ಅಂದರೆ ಎಲ್ಲೋ ಏನೋ ಕಟ್ಟಿ ಹಾಕಿದೆ. ಪ್ರೊಸೆಸರ್ ತಪ್ಪು ಅಂತ ಅನ್ನಿಸುವುದಿಲ್ಲ. ಎರಡೂ ಮೆಷಿನ್‌ನಲ್ಲಿ ಡಿಎಂಐಡಿಕೋಡ್ (ಹಾರ್ಡ್‌ವೇರ್ ಪಟ್ಟಿ ತೋರಿಸುವ ಕಮಾಂಡ್) ಓಡಿಸಿ, ಮೆಮೊರಿ ಪಟ್ಟಿ ತೆಗೆಯಿರಿ. ಯಾವ ಸ್ಲಾಟ್‌ನಲ್ಲಿ ಎಷ್ಟು ಜಿಬಿ, ಯಾವ ವೇಗದಲ್ಲಿ ಓಡುತ್ತಿದೆ ಅಂತ ನೋಡಿ. ಬಯಾಸ್‌ನಲ್ಲಿ ಪವರ್ ಪ್ರೊಫೈಲ್ ಏನಿದೆ ಅಂತಲೂ ನೋಡಿ.

ಹುಬ್ಬಳ್ಳಿ ಸರ್ವರ್ ರೂಮ್:

ನೋಡಿದೆ. ಎಪಿಕ್‌ನಲ್ಲಿ 16 ಜಿಬಿಯ ಎಂಟು ಕಡ್ಡಿ, 3200 ವೇಗ. ಜಿಯಾನ್‌ನಲ್ಲಿ 64 ಜಿಬಿಯ ಎರಡು ಕಡ್ಡಿ, 2667 ವೇಗ. ಪವರ್ ಪ್ರೊಫೈಲ್ ಎರಡರಲ್ಲೂ ಪರ್ಫಾರ್ಮೆನ್ಸ್. ಒಟ್ಟು 128 ಜಿಬಿ ಎರಡರಲ್ಲೂ ಸರಿ ಇದೆ ಅಂತ ನಾನು ಮುಂದೆ ನೋಡಲಿಲ್ಲ.

ಕರಾವಳಿ ಲಿನಕ್ಸ್:

ಅದೇ ನೋಡಿ. ಎರಡು ಕಡ್ಡಿ ಅಂದರೆ ಬಳಕೆಗೆ ಎರಡೇ ಚಾನೆಲ್. ಎಂಟು ಬಾಗಿಲ ಗೋದಾಮಿನಲ್ಲಿ ಎರಡೇ ಬಾಗಿಲು ತೆಗೆದಿಟ್ಟ ಹಾಗೆ. ಲೆಕ್ಕ ಹಾಕೋಣ.

ಡಿಡಿಆರ್4ನಲ್ಲಿ ಒಂದು ಚಾನೆಲ್ ಒಂದು ಸಲಕ್ಕೆ 8 ಬೈಟ್ ಸಾಗಿಸುತ್ತದೆ. 3200 ವೇಗಕ್ಕೆ ಅದು ಸೆಕೆಂಡಿಗೆ 25.6 ಜಿಬಿ. ಎಂಟು ಚಾನೆಲ್‌ಗೆ 204.8. ಎಪಿಕ್ ಇದರಲ್ಲಿ ಓಡಿದೆ. 2667 ವೇಗಕ್ಕೆ ಚಾನೆಲ್‌ಗೆ ಸುಮಾರು 21.3. ಎರಡು ಚಾನೆಲ್‌ಗೆ ಬರೀ 42.6. ನಿಮ್ಮ ಜಿಯಾನ್ ಇದರಲ್ಲಿ ಓಡಿದೆ. ಸುಮಾರು ಐದು ಪಟ್ಟು ವ್ಯತ್ಯಾಸ ರ‍್ಯಾಮ್ ಕಡ್ಡಿ ಜೋಡಿಸಿದ್ದರಲ್ಲೇ ಇದೆ, ಪ್ರೊಸೆಸರ್‌ನಲ್ಲಿ ಅಲ್ಲ.

ಈಗ ನಿಮ್ಮ ಹಳೆಯ ಸರ್ವರ್. 4114ಗೆ ಆರು ಚಾನೆಲ್, 2400 ವೇಗ. ಒಂದು ಸಾಕೆಟ್‌ಗೆ 115.2 ಜಿಬಿ, ಎರಡಕ್ಕೂ ಸೇರಿ 230.4. 12 ಕಡ್ಡಿ ಹಾಕಿದ್ದರಿಂದ ಎಲ್ಲಾ ಚಾನೆಲ್ ತುಂಬಿವೆ. ಅಂದರೆ ಮೆಮೊರಿ ಅಗಲದಲ್ಲಿ ನಿಮ್ಮ ಹಳೆಯ ಮೆಷಿನ್ ಆ ಡೆಮೊ ಜಿಯಾನ್‌ನ ಐದು ಪಟ್ಟಿಗಿಂತ ಜಾಸ್ತಿ ಇತ್ತು. ಅಷ್ಟಾದರೂ ಜಿಯಾನ್ ಸಮ ಬಂದಿದೆ ಅಂದರೆ ಅದರ ಕೋರ್‌ಗಳು ಎಷ್ಟು ಚೆನ್ನಾಗಿವೆ ಅಂತ ಅರ್ಥ ಮಾಡಿಕೊಳ್ಳಿ.

ಇವು ಕಾಗದದ ಮೇಲಿನ ಗರಿಷ್ಠ ಅಂಕಿಗಳು. ನಿಜದಲ್ಲಿ ಎಲ್ಲೂ ಪೂರ್ತಿ ಸಿಗುವುದಿಲ್ಲ. ಹಾಗಂತ ಎರಡು ಬಾಗಿಲಿಗೂ ಎಂಟು ಬಾಗಿಲಿಗೂ ಇರುವ ಅಂತರ ಸುಳ್ಳಾಗುವುದಿಲ್ಲ.

ನಿಮ್ಮ ಹಳೆಯ ಕಡ್ಡಿಗಳ ಮೇಲೆ ಏನು ಬರೆದಿದೆ? 2666 (2667 ಅನ್ನೋದೂ ಇದೇ ವೇಗ) ಆರ್‌ಡಿಐಎಂಎಂ, ಅಂದರೆ ಸರ್ವರ್ ಕಡ್ಡಿ ಆಗಿದ್ದರೆ ಭಾನುವಾರ ಎಂಟು ಕಡ್ಡಿ ಬಿಚ್ಚಿ ಜಿಯಾನ್‌ಗೆ ಹಾಕಿ ಓಡಿಸಿ. ಆಮೇಲೆ ಅದೇ ಎಂಟನ್ನು ಎಪಿಕ್‌ಗೂ ಹಾಕಿ. ಆಗ ಎರಡೂ ಒಂದೇ ವೇಗದ ಮೆಮೊರಿಯಲ್ಲಿ ನಿಲ್ಲುತ್ತವೆ. ಹೋಲಿಕೆ ಅಂದರೆ ಅದು. ಬೇರೆ ಕಡ್ಡಿಗಳನ್ನು ಬೆರೆಸಬೇಡಿ. ಬಿಚ್ಚುವ ಮುಂಚೆ ಯಾವ ಕಡ್ಡಿ ಯಾವ ಸ್ಲಾಟ್ ಅಂತ ಫೋಟೋ ತೆಗೆದಿಟ್ಟುಕೊಳ್ಳಿ.

ಚಿಪ್ ಪ್ರೇಮಿ:

ಈ ಲೆಕ್ಕ ನನಗೂ ಹೊಳೆದಿರಲಿಲ್ಲ. ಮೊದಲ ದಿನ ನಾನು ಎಪಿಕ್‌ಗೆ ಓಟು ಹಾಕಿದ್ದು ಬರೀ ಪಟ್ಟಿ ನೋಡಿ. ಕರಾವಳಿಯವರು ಕೇಳದಿದ್ದರೆ ಎರಡು ಕಡ್ಡಿಯ ಫಲಿತಾಂಶವನ್ನೇ "ಜಿಯಾನ್ ನಿಧಾನ" ಅಂತ ನಾವೆಲ್ಲ ಎಲ್ಲ ಕಡೆ ಹೇಳಿಕೊಂಡು ಓಡಾಡುತ್ತಿದ್ದೆವು.

ಯುಪಿಎಸ್ ಅಣ್ಣ:

ನಡುವೆ ಕರೆಂಟ್ ಮಾತು. 155 ಮತ್ತು 135 ವ್ಯಾಟ್ ಅಂತ ನೋಡಿ ಬಿಲ್ ಲೆಕ್ಕ ಹಾಕಬೇಡಿ. ಅದು ಫ್ಯಾನ್, ಹೀಟ್‌ಸಿಂಕ್ ಎಷ್ಟು ಶಾಖ ತಡೆಯಬೇಕು ಅನ್ನೋ ಅಂಕಿ. 20 ವ್ಯಾಟ್ ವ್ಯತ್ಯಾಸ ವರ್ಷ ಪೂರ್ತಿ ಇದ್ದರೂ 175 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಅಂತ ಇಟ್ಟುಕೊಂಡರೆ 1,400 ರೂಪಾಯಿ. ಎಸಿ ಖರ್ಚು ಸೇರಿಸಿದರೂ ದೊಡ್ಡದಲ್ಲ. ಎಪಿಕ್‌ನ ನಡುವಿನ ಐಒ ಚಿಪ್ (ಮೆಮೊರಿ, ಡ್ರೈವ್‌ಗಳ ಸಂಪರ್ಕ ನೋಡಿಕೊಳ್ಳುವುದು) ಕೆಲಸ ಇಲ್ಲದಾಗಲೂ ಕರೆಂಟ್ ತಿನ್ನುತ್ತದೆ, ಅದನ್ನು ರಾತ್ರಿ ಹೊತ್ತು ಅಳೆಯಿರಿ. ಡೆಮೊ ಮೆಷಿನ್ ಇರುವಾಗಲೇ ಗೋಡೆಯ ಪ್ಲಗ್‌ಗೆ ಮೀಟರ್ ಹಾಕಿ. ಸುಮ್ನೆ ಇದ್ದಾಗ ಒಂದು ಸಲ, ರಿಪೋರ್ಟ್ ಓಡುವಾಗ ಒಂದು ಸಲ. ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆ ಅನ್ನೋದು ಎರಡನೇ ಅಂಕಿಯಿಂದ ಗೊತ್ತಾಗುತ್ತದೆ.

ಹೊಸಬ:

ನಾನು ಈಗ ತಾನೇ ಓದಿದೆ. 2021ರ ಚಿಪ್ ಯಾಕೆ? ಹೊಸದು ಸಿಗಲ್ವಾ?

ಹಳೇ ರ‍್ಯಾಕ್:

ಸಿಗುತ್ತವೆ. 2023ರಲ್ಲಿ ಎಪಿಕ್ 8004 ಬಂತು. ಅದರ 8124ಪಿ 16 ಕೋರ್, 125 ವ್ಯಾಟ್, ಆರು ಚಾನೆಲ್ ಡಿಡಿಆರ್5. ಬೂಸ್ಟ್ 3.0 ಅಷ್ಟೇ. 2024ರಲ್ಲಿ ಎಪಿಕ್ 4004 ಬಂತು. ಅದರ 4564ಪಿ 16 ಕೋರ್, ಬೂಸ್ಟ್ 5.7. ಒಂಟಿ ಕೋರ್ ವೇಗದಲ್ಲಿ ಕೊಟೇಶನ್‌ನ ಎರಡೂ ಚಿಪ್‌ಗಳನ್ನು ಹಿಂದೆ ಹಾಕುತ್ತದೆ. ಆದರೆ ಮೆಮೊರಿ ಚಾನೆಲ್ ಎರಡೇ, ಬಂದಾಗ ಗರಿಷ್ಠ 192 ಜಿಬಿ. 14 ವಿಎಂ ಇಡುವವರಿಗೆ ಇಕ್ಕಟ್ಟು. ಡಿಡಿಆರ್5 ಕಡ್ಡಿಗಳ ಬೆಲೆ ಸೇರಿಸಿ ಒಟ್ಟು ಕೊಟೇಶನ್ ಕೇಳಿದರೆ ಹಳೆಯ ತಲೆಮಾರು ಯಾಕೆ ಇನ್ನೂ ಓಡುತ್ತಿದೆ ಅಂತ ಗೊತ್ತಾಗುತ್ತದೆ.

ಹುಬ್ಬಳ್ಳಿ ಸರ್ವರ್ ರೂಮ್:

ಭಾನುವಾರ ಇಡೀ ದಿನ ಇದೇ ಕೆಲಸ. ಕಡ್ಡಿಗಳ ಮೇಲೆ 2666 ಅಂತಲೇ ಇತ್ತು. 4114ರಲ್ಲಿ 2400ಕ್ಕೆ ಓಡುತ್ತಿದ್ದವು. ಮೊದಲು ಜಿಯಾನ್‌ಗೆ ಎಂಟು ಹಾಕಿದೆ, ಆಮೇಲೆ ಎಪಿಕ್‌ಗೆ ಅದೇ ಎಂಟು. ಒಂದೊಂದರಲ್ಲಿ ರಿಪೋರ್ಟ್ ಮೂರು ಸಲ.

ಜಿಯಾನ್ ಬೇರೆಯೇ ಮೆಷಿನ್ ಆಯಿತು. ಅದೇ ಪ್ರೊಸೆಸರ್, ಅದೇ ಡಿಸ್ಕ್, ಬದಲಾಗಿದ್ದು ಕಡ್ಡಿ ಮಾತ್ರ. ಎಪಿಕ್ ಈಗಲೂ ಮುಂದೆ ಇದೆ, ಆದರೆ ಸ್ವಲ್ಪವೇ. ಎರಡೂ 8ಕ್ಕೆ ಶುರು ಮಾಡಿದರೆ ನಾನು ಊಟ ಮುಗಿಸಿ ಬರುವಷ್ಟರಲ್ಲಿ ಮುಗಿಸುತ್ತವೆ. ಹಗಲಿನ ಬಿಲ್ಲಿಂಗ್‌ನ ನಕಲು ಓಡಿಸಿದಾಗ ಎಪಿಕ್ ಬೇಗ ಉತ್ತರ ಕೊಟ್ಟಿತು, ಕೌಂಟರ್‌ನಲ್ಲಿ ಕೂತವರಿಗೆ ಅದು ಗೊತ್ತಾಗುವಷ್ಟು ಅಲ್ಲ. ಮೀಟರ್ ಕೂಡ ಹಾಕಿದೆ. ಸುಮ್ನೆ ಇದ್ದಾಗ ಎಪಿಕ್ ಜಾಸ್ತಿ ತಿಂದಿತು. ಅಣ್ಣ ಹೇಳಿದ್ದು ಸರಿ.

ಡೇಟಾಬೇಸ್ ಮೇಡಂ:

ಎಷ್ಟು ಶ್ರದ್ಧೆಯಿಂದ ಮಾಡಿದ್ದೀರಿ! ನನ್ನ ಓದು ಇಷ್ಟು. ಹಗಲಿನ ಬಿಲ್ಲಿಂಗ್‌ನಲ್ಲಿ ಒಂದೊಂದು ಕ್ವೆರಿಯೂ ಚಿಕ್ಕದು, ಒಂದೇ ಕೋರ್‌ನಲ್ಲಿ ಮುಗಿಯುತ್ತದೆ. ಅಲ್ಲಿ 3.7ರ ಬೂಸ್ಟ್, ದೊಡ್ಡ ಕ್ಯಾಶ್ ಎಪಿಕ್‌ಗೆ ಸಹಾಯ ಮಾಡಿವೆ. ರಿಪೋರ್ಟ್‌ನಲ್ಲಿ ಎರಡೂ ಒಂದೇ ಅಗಲದ ಮೆಮೊರಿಗೆ ಕಾಯುತ್ತಿದ್ದವು, ಅದಕ್ಕೇ ಹತ್ತಿರ ಬಂದವು. ಹೊಸ 3200 ಕಡ್ಡಿ ಹಾಕಿದರೆ ಎಪಿಕ್ 204.8ಕ್ಕೆ ಏರುತ್ತದೆ, ಜಿಯಾನ್ 170.6ರ ಆಸುಪಾಸಿನಲ್ಲೇ ಉಳಿಯುತ್ತದೆ. ಆಗ ಅಂತರ ಇನ್ನೂ ಸ್ವಲ್ಪ ಹೆಚ್ಚಾಗಬಹುದು. ನಾನಾಗಿದ್ದರೆ ಎಪಿಕ್ ತಗೊಳ್ಳುತ್ತಿದ್ದೆ. ಎರಡು ವರ್ಷದಲ್ಲಿ ಡೇಟಾ ದುಪ್ಪಟ್ಟಾದರೆ ಆ ಅಗಲ ಬೇಕಾಗುತ್ತದೆ.

ಹುಬ್ಬಳ್ಳಿ ಸರ್ವರ್ ರೂಮ್:

ಮೇಡಂ, ನೀವು ಹೇಳಿದ್ದನ್ನು ತುಂಬಾ ಯೋಚಿಸಿದೆ. ಕೊನೆಗೆ ಜಿಯಾನ್‌ಗೇ ಪಿಒ ಹಾಕಿದೆ. ಕಾರಣ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ.

ನಮ್ಮಲ್ಲಿ ಸರ್ವರ್ ನೋಡಿಕೊಳ್ಳುವವರು ಇಬ್ಬರೇ. ರಿಪೋರ್ಟ್ ಊಟದ ಹೊತ್ತಿಗೆ ಮುಗಿದರೆ ಸಾಕಿತ್ತು, ಅದು ಎರಡರಲ್ಲೂ ಆಗುತ್ತಿದೆ. ಆದರೆ ಹಗಲು ಹೊತ್ತು ಹೊಸ ಮೆಷಿನ್‌ಗೆ ಕೆಲಸ ಮಾಡಬೇಕಾಗಿ ಬಂದಾಗ ಬಿಲ್ಲಿಂಗ್ ನಿಲ್ಲಿಸದೆ ವಿಎಂಗಳನ್ನು ಹಳೆಯದಕ್ಕೆ ದಾಟಿಸಬೇಕು. ಔಷಧಿ ಅಂಗಡಿಗೆ ಮಾಲು ಹೋಗುವುದು ನಿಲ್ಲಬಾರದು. ಹಳೆಯದೂ ಇಂಟೆಲ್, ಹೊಸದೂ ಇಂಟೆಲ್ ಆದರೆ ಅದು ಆಗುತ್ತದೆ. ಆ ಡೀಲರ್‌ನ ಎಂಜಿನಿಯರ್ ಹುಬ್ಬಳ್ಳಿಯಲ್ಲೇ ಇದ್ದಾರೆ ಅನ್ನೋದೂ ಒಂದು. ಎರಡು ಕಡ್ಡಿ ಬೇಡ, 32 ಜಿಬಿಯ ಎಂಟು ಕಡ್ಡಿ ಬೇಕು ಅಂತ ಪಿಒದಲ್ಲೇ ಬರೆಸಿದ್ದೇನೆ. ಹಳೆಯದರಲ್ಲಿ ಹಳೆಯ 12 ಕಡ್ಡಿ ಹಾಗೇ ಇರುತ್ತವೆ.

ಯಜಮಾನರಿಗೆ ಕೋರ್ ಲೆಕ್ಕ ವಿವರಿಸಿದೆ. ಗೋದಾಮಿನ ಬಾಗಿಲಿನ ಮಾತು ಹೇಳಿದ ಕೂಡಲೇ ಅರ್ಥ ಆಯಿತು ಅವರಿಗೆ.

ಡೇಟಾಬೇಸ್ ಮೇಡಂ:

ತಿದ್ದುವಂಥದ್ದು ಏನೂ ಇಲ್ಲ. ನಾನು ಡೇಟಾಬೇಸ್ ಒಂದನ್ನೇ ನೋಡಿ ಹೇಳಿದ್ದೆ. ನಿಮಗೆ ನಿಮ್ಮ ಇಡೀ ವ್ಯಾಪಾರ ಕಣ್ಣ ಮುಂದಿತ್ತು.

ಹಳೇ ರ‍್ಯಾಕ್:

ಲೈಸೆನ್ಸ್ ಮಾತ್ರ ಮರೆಯಬೇಡಿ. ವಿಂಡೋಸ್ ಲೈಸೆನ್ಸ್ ಮೆಷಿನ್‌ಗೆ ಅಂಟಿದ್ದು. ಆ ನಾಲ್ಕು ವಿಎಂ ಹಳೆಯದರ ಮೇಲೂ ಓಡುವುದಾದರೆ ಅದರ 20 ಕೋರ್‌ಗೂ ಲೈಸೆನ್ಸ್ ಇರಬೇಕು. ಈಗಾಗಲೇ ಇದ್ದರೆ ಅದನ್ನು ಅಲ್ಲೇ ಬಿಡಿ, ಹೊಸದಕ್ಕೆ ಬೇರೆ ತಗೊಳ್ಳಿ.

ಹುಬ್ಬಳ್ಳಿ ಸರ್ವರ್ ರೂಮ್:

ಸರಿ ಸರ್. ಹಳೆಯದಕ್ಕೆ ಇದೆ. ಕೊನೆಯದಾಗಿ ಒಂದು. ನಮ್ಮ ವಿಎಂಗಳಲ್ಲಿ ಸಿಪಿಯು ಟೈಪ್ "ಹೋಸ್ಟ್" ಅಂತ ಇದೆ. ಹಾಗೇ ಬಿಡಬಹುದಾ?

ಕರಾವಳಿ ಲಿನಕ್ಸ್:

ಬೇಡ. "ಹೋಸ್ಟ್" ಇಟ್ಟರೆ ಹೊಸ ಮೆಷಿನ್‌ನಲ್ಲಿ ಶುರುವಾದ ವಿಎಂ ಐಸ್ ಲೇಕ್‌ನ ಎಲ್ಲಾ ಸೂಚನೆಗಳನ್ನೂ ನೋಡಿರುತ್ತದೆ. ಅದನ್ನು 4114ಗೆ ಸಾಗಿಸಿದರೆ ಅಲ್ಲಿ ಅವುಗಳಲ್ಲಿ ಕೆಲವು ಇರುವುದಿಲ್ಲ, ವಿಎಂ ಬೀಳಬಹುದು. ಎಲ್ಲಾ ವಿಎಂಗೂ ಹಳೆಯ ಮೆಷಿನ್‌ಗೆ ಹೊಂದುವ ಸ್ಕೈಲೇಕ್ ಸರ್ವರ್ ಟೈಪ್ ಇಡಿ. ಬದಲಾಯಿಸಿದ ಮೇಲೆ ವಿಎಂ ಒಮ್ಮೆ ಪೂರ್ತಿ ಆಫ್ ಮಾಡಿ ಆನ್ ಮಾಡಬೇಕು, ಒಳಗಿನಿಂದ ರೀಬೂಟ್ ಕೊಟ್ಟರೆ ಸಾಲದು. ಮೊದಲು ಯಾರೂ ಬಳಸದ ಚಿಕ್ಕ ವಿಎಂ ಒಂದನ್ನು ಅತ್ತ ಕಳಿಸಿ, ಇತ್ತ ಕರೆಸಿ. ಅದು ಸರಿ ಹೋದ ಮೇಲೆ ಡೇಟಾಬೇಸ್‌ಗೆ ಕೈ ಹಾಕಿ.

ಮತ್ತೆ, ಮೆಷಿನ್ ಬಂದ ದಿನ ಡಬ್ಬ ಬಿಚ್ಚಿದ ಕೂಡಲೇ ಡಿಎಂಐಡಿಕೋಡ್ ಓಡಿಸಿ. ಎಂಟು ಸಾಲು ಕಾಣಬೇಕು.